ಉತ್ತರಸೂಚಿ

ನನಗೆ ಬರುವ ಇಂಗ್ಲಿಷು ನಾಲ್ಕೇ ಅಕ್ಷರ:
ಎ, ಬಿ, ಸಿ, ಡಿ.
ಅಷ್ಟು ಸಾಕು ಮಾಚಣ್ಣ, ಎಂದ ಸಿನಾನ,
ಪುಸ್ತಕದ ಕೊನೆಯ ಆರು ಹಾಳೆ ಹರಿದು ನನ್ನ ಕೈಗಿಟ್ಟು.
ಪ್ರಶ್ನೆ ಮೇಲಿನ ಮಂಚಕ್ಕೆ, ಉತ್ತರ ಕೆಳಗಿನದಕ್ಕೆ,
ನಡುವೆ ಒಂದು ಹಲಗೆ.

ಫಹಾಹೀಲಿನ ಈ ಲಾಂಡ್ರಿಯ ಹಿಂದಿನ ಕೋಣೆಗೆ
ಕಿಟಕಿ ಒಂದೇ. ಅದರಾಚೆ ಎಣ್ಣೆ ಕಾರ್ಖಾನೆಯ ಚಿಮಣಿ
ರಾತ್ರಿಯೆಲ್ಲ ಬೆಂಕಿ ಉಗುಳುತ್ತದೆ.
ಹನ್ನೊಂದಕ್ಕೆ ಶಟರ್ ಎಳೆದು, ಕುಬ್ಬೂಸು ದಾಲ್ ಮುಗಿಸಿ,
ಅವನು ಮೇಲಿಂದ: "ನಲವತ್ತೊಂದು, ಡಿ."
ನಾನು ಕೆಳಗಿಂದ: "ಹೌದು."
"ನಲವತ್ತೆರಡು, ಎ."
"ಅಲ್ಲ."
ಹಲಗೆ ಕಿರುಗುಟ್ಟುತ್ತದೆ, ಪೆನ್ಸಿಲು ಓಡುತ್ತದೆ,
"ಅಯ್ಯೋ, ಸೊನ್ನೆಯಿಂದ ಎಣಿಸಬೇಕಿತ್ತು!"

ಸೊನ್ನೆಯಿಂದ ಯಾರು ಎಣಿಸುತ್ತಾರೆ?
ನಮ್ಮ ಹಿರೇಕೆರೂರಲ್ಲಿ ರಾಶಿ ಅಳೆಯುವವರು
ಒಂದನ್ನು ಒಂದೆನ್ನದೆ ಲಾಭ ಎನ್ನುತ್ತಿದ್ದರು.
ಇವನಿಗೆ ಮೊದಲನೆಯದೇ ಸೊನ್ನೆ.
ಇರಲಿ. ಅವರವರ ಕಣ.

ಹಗಲು ಅವನು ಕೌಂಟರಿನಲ್ಲಿ ಚೀಟಿ ಹರಿಯುತ್ತಾನೆ.
ಚೀಟಿಯ ಕೊನೆಯ ಅಂಕಿ ಏಳಾದರೆ ಏಳನೇ ಸಲಾಕೆ,
ಅಲ್ಲಿ ಆಗಲೇ ಬಟ್ಟೆ ಇದ್ದರೆ ಅದರ ಹಿಂದೆ.
ಹದಿನಾಲ್ಕು ವರ್ಷದಿಂದ ನಾನು ಮಾಡಿಕೊಂಡು ಬಂದದ್ದು.
ಒಂದು ದಿನ ನಿಂತಲ್ಲೇ ನಿಂತು ನೋಡಿದ:
"ಇದಕ್ಕೆ ಹೆಸರುಂಟು ಮಾಚಣ್ಣ, ಹ್ಯಾಶಿಂಗ್. ಎರಡು ಮಾರ್ಕಿಗೆ ಬರ್ತದೆ."
ಎರಡು ಮಾರ್ಕಿಗೆ ಎಷ್ಟು ಫಿಲ್ಸು, ಎಂದೆ.

ದೂಳು ಬೀಸಿದ ಒಂದು ರಾತ್ರಿ, ಎಂಬತ್ತಾರನೇ ಪ್ರಶ್ನೆ.
"ಸಿ."
"ಅಲ್ಲ. ಬಿ."
ಪೆನ್ಸಿಲು ಓಡಿತು. ನಿಂತಿತು. ಮತ್ತೆ ಓಡಿತು.
"ಸಿ."
"ಬಿ, ಮಾರಾಯ. ಅಚ್ಚಾಗಿದೆ."
ಇಳಿದು ಬಂದ. ಸಿಟ್ಟಲ್ಲ ಮುಖದಲ್ಲಿ, ಹೆದರಿಕೆ.
ಎಂಸಿಎಗೆ ಇದು ಎರಡನೇ ಸಲ; ಫೀಸು ಕಟ್ಟಿಯಾಗಿದೆ,
ಟಿಕೆಟ್ಟಿಗೆ ಸಾಲವೂ ಎತ್ತಿಯಾಗಿದೆ.

"ಒಂದು, ಎರಡು, ಮೂರು, ಈ ಕ್ರಮದಲ್ಲೇ ಪೇರಿಸಬೇಕು.
ನಡುವೆ ಯಾವಾಗ ಬೇಕಾದರೂ ತೆಗೆಯಬಹುದು, ಮೇಲಿನದನ್ನು ಮಾತ್ರ.
ಯಾವ ಸರದಿಯಲ್ಲಿ ಹೊರಬರಲು ಸಾಧ್ಯವೇ ಇಲ್ಲ?
ಬಿ: ಎರಡು, ಮೂರು, ಒಂದು.
ಸಿ: ಮೂರು, ಒಂದು, ಎರಡು."

ಅಂಗಡಿಯ ದೀಪ ಹಾಕಿ ಮೂರು ದಿಶ್ದಾಶ ತಂದೆ.
ಬಿಳಿ ಒಂದು, ಕೆನೆ ಎರಡು, ಬೂದಿ ಮೂರು.
ಬಿಳಿ ಇಟ್ಟೆ, ಕೆನೆ ಇಟ್ಟೆ, ಕೆನೆ ತೆಗೆದೆ,
ಬೂದಿ ಇಟ್ಟು ತೆಗೆದೆ, ಉಳಿದದ್ದು ಬಿಳಿ.
ಎರಡು, ಮೂರು, ಒಂದು. ಬಂತಲ್ಲ!
ಮತ್ತೆ ಮೂರೂ ಪೇರಿಸಿ ಬೂದಿ ತೆಗೆದೆ. ಈಗ ಬಿಳಿ ಬೇಕು.
ಬಿಳಿಯ ಮೇಲೆ ಕೆನೆ ಕೂತಿದೆ.
ಕೈ ತಾನಾಗೇ ಹಿಂದೆ ಸರಿಯಿತು.
ಅಡಿಯದನ್ನು ಎಳೆದರೆ ಮೇಲಿನದರ ಇಸ್ತ್ರಿ ಮುರಿಯುತ್ತದೆ;
ಅಪ್ಪ ಇದನ್ನು ಹೇಳಿಕೊಟ್ಟಾಗ ನನಗೆ ಏಳು ವರ್ಷ,
ಕೆನ್ನೆಗೊಂದು ಬಿಟ್ಟು ಹೇಳಿಕೊಟ್ಟಿದ್ದ.

"ಪುಸ್ತಕದ್ದೇ ತಪ್ಪು," ಎಂದೆ.
ಅಂದಮೇಲೆ ನನಗೇ ದಿಗಿಲಾಯಿತು.
ಅಚ್ಚಾದದ್ದನ್ನು ಎಂದೂ ಅಲ್ಲ ಎಂದವನಲ್ಲ ನಾನು.
ಏಜೆಂಟನ ಕರಾರು, ಸಂಬಳದ ಚೀಟಿ,
ಎಲ್ಲಕ್ಕೂ ಬೆರಳು ತೋರಿಸಿದಲ್ಲಿ ಸಹಿ.
ಕಾಲರಿಗೆ ಗುರುತು ಹಾಕುವ ಪೆನ್ನು ತೆಗೆದು
(ಒಗೆದರೂ ಹೋಗದ ಮಸಿ)
ಬಿ ಹೊಡೆದು ಸಿ ಬರೆದೆ.
ನಾನು ಬರೆದ ಮೊದಲ ಇಂಗ್ಲಿಷು ಅದು.
ಅಂಕುಡೊಂಕು. ಕುಡುಗೋಲಿನ ಹಾಗೆ.

ಆಮೇಲೆ ಸುಮ್ಮನೆ ಹೌದು ಎನ್ನುವುದು ಬಿಟ್ಟೆ.
ಹೇಗೆ, ತೋರಿಸು, ಎನ್ನುತ್ತಿದ್ದೆ.
ಅವನ ನಿದ್ದೆ ಹೋಯಿತು. ನನ್ನದೂ.

ಪರೀಕ್ಷೆಗೆಂದು ಹೋಗಿ ಇಂದಿಗೆ ಒಂಬತ್ತು ದಿನ.
ಫೋನಿಲ್ಲ. ಮೇಲಿನ ಹಲಗೆ ಸದ್ದು ಮಾಡುವುದಿಲ್ಲ.
ಆರು ಹಾಳೆ ನನ್ನ ದಿಂಬಿನಡಿ.
ಬೆಳಿಗ್ಗೆ ಗಿರಾಕಿಯೊಬ್ಬ ಕಾರು ಆರಿಸದೆ ಬಂದು ಗಾಜು ಬಡಿದ:
ಅಟ್ಟಿಯ ತಳದ್ದು ತನ್ನದಂತೆ,
ಅದನ್ನೇ ಮೊದಲು ಎಳೆದು ಕೊಡಬೇಕಂತೆ.

"ಸಿ," ಎಂದೆ.

ಅವನು ನನ್ನ ಮುಖ ನೋಡಿದ.
ನಾನು ಮೇಲಿನವನ್ನು ಒಂದೊಂದಾಗಿ ಇಳಿಸತೊಡಗಿದೆ.