ಎರಡು ಬೆರಳು ಸೊಟ್ಟ

ಫಕ್ಕೀರೇಶನ ಬೈಂಡಿಂಗ್ ಅಂಗಡಿ ಹಿಂದಿನ ಖೋಲಿ,
ಗದಗಿನ ಐತವಾರ, ಮುಂಜಾನೆ ಹತ್ತು.
ಹಾಳಿ ಕತ್ತರಿಸೋ ಮಷೀನಿಗೆ ಅವತ್ತು ಸೂಟಿ.
ಅದರ ಮ್ಯಾಲೆ ಹರವತೀವಿ:
ಒಂದು ತುದೀಗೆ ಫೋಟೋ, ಒಂದು ತುದೀಗೆ ಗಿರಮಿಟ್ಟು,
ನಡುವ ಎಣ್ಣಿ ದಾಟಲಾರದ ಗಡಿ.

ಇಲ್ಲಿ ಒಂದ ಕಾಯ್ದೆ.
ಬರೇ "ಚೊಲೋ ಬಂದೈತಿ" ಅಂದವ
ಎಲ್ಲಾರ ಚಹಾದ ಬಿಲ್ಲು ಕೊಡಬೇಕು.
ಯಾಕ ಚೊಲೋ, ಎಲ್ಲಿ ಚೊಲೋ, ಬಿಡಿಸಿ ಹೇಳಿದರ ಮಾಫಿ.

ರುಕ್ಮಾಬಾಯಿ ಕಬಾಡಿ, ರಿಟೈರಾದ ಡ್ರಾಯಿಂಗ್ ಟೀಚರು,
ಮೊಮ್ಮಗಳ ಮೊಬೈಲಿನಾಗ ತಗೀತಾರ
ಬೆಟಗೇರಿ ಮಗ್ಗದ ಮನಿಗಳ ಕಿಡಕಿ. ಬರೇ ಕಿಡಕಿ.
"ಮಂದಿ ಎಲ್ರೀ ಬಾಯಾರ?"
"ಒಳಗದಾರ. ಮುಂದಿನ ವಾರ ಬರ್ತಾರ."
ಹನ್ನೊಂದು ವಾರ ಆತು.

ತೋಂಟೇಶ ರೈಲ್ವೆ ಸಿಗ್ನಲ್ಲಿನವ,
ರಾತ್ರಿ ಪಾಳಿ ಮುಗಿಸಿ ಹಂಗ ಬರ್ತಾನ,
ಕಣ್ಣು ಕೆಂಪಗ, ಫೋಟೋ ಕರ್ರಗ.
"ಒಂದೀಟು ಬೆಳಕು ಬಿಡಪಾ ಒಳಗ,
ಬೆಕ್ಕ ಐತೋ ಎಂಜಿನ್ನ ಐತೋ ಗೊತ್ತಾಗವಲ್ದು."
ಅವ ತುತ್ತು ನುಂಗಿ, "ಎರಡೂ ಅದಾವು" ಅಂದ.
ಬಾಗಿಲ ಬೆಳಕಿಗೆ ಒಯ್ದು ನೋಡಿದಿವಿ.
ಎರಡೂ ಇದ್ದವು.

ನನ್ನ ಸರದಿ ಬಂದಾಗ ಮಾತ್ರ
ಎಲ್ಲಾರೂ ಕುತ್ತಿಗಿ ಹೊರಳಸತಿದ್ದರು.
ಮಾಗಡಿ ಕೆರಿ: ನೀರು ಬಲಕ್ಕ ಚೆಲ್ಲಿ
ಹೆಬ್ಬಾತು ಜಾರಿ ಚೌಕಟ್ಟಿನ ಹೊರಗ ಬೀಳೋ ಹಂಗ.
ಕಪ್ಪತಗುಡ್ಡದ ಗಾಳಿಕಂಬ:
ಕುಡದು ಮನಿಗೆ ಹೊಂಟ ಹಿರೇರು.
ಫಕ್ಕೀರೇಶ ಉಕ್ಕಿನ ಸ್ಕೇಲು ಹಚ್ಚಿ ಅಳದ:
"ಎರಡು ಬೆರಳು. ಹೋದ ವಾರಾನೂ ಎರಡು ಬೆರಳು.
ಸೊಟ್ಟದಾಗ ನೀ ಭಾಳ ನೆಟ್ಟಗದೀ ಮಾರಾಯಾ."

ಉಪಾಯ ಎಲ್ಲಾರೂ ಕೊಟ್ಟರು.
ಉಸಿರು ಹಿಡದು ಒತ್ತು. ಮೊಳಕೈ ಪಕ್ಕಡಿಗೆ ಅವಚು.
ಪರದೆ ಮ್ಯಾಲೆ ಗೆರಿ ಬರೂವಂಗ ಮಾಡ್ಕೋ.
ಮಾಡಿಕೊಂಡೆ. ಗೆರೀನೂ ಸೊಟ್ಟ ಕಂಡಿತು,
ಕೆಟ್ಟೈತಿ ಅಂತ ಬಂದ್ ಮಾಡಿದೆ.

ದಾವಲಸಾಬಂದು ಮುಳಗುಂದ ನಾಕಾದಾಗ ಚಾಳೀಸಿನ ಅಂಗಡಿ.
ಕ್ಯಾಮೆರಾ ಇಲ್ಲದ ಒಬ್ಬನ ಮೆಂಬರು; ನೋಡಾಕ ಬರಾವ.
ಅವತ್ತು ನನ್ನ ಒಂಬತ್ತು ಫೋಟೋ ಒಂದರ ಮ್ಯಾಲೊಂದು ಇಟ್ಟ,
ಆಮ್ಯಾಲೆ ಫೋಟೋ ಬಿಟ್ಟು ನನ್ನನ್ನ ನೋಡಿದ.
"ಇವು ಬಲಕ್ಕ ವಾಲತಾವಂದ್ರ, ನೀ ಎಡಕ್ಕ ವಾಲತೀ."
ಎದ್ದು ಬಂದು, ಹಜಾಮನಂಗ
ಎರಡೂ ಗಲ್ಲ ಹಿಡದು ನನ್ನ ತಲಿ ನೆಟ್ಟಗ ಮಾಡಿದ.
"ಎಷ್ಟ ಮಂದಿ ಅದೀನಿ?"
"ಇಬ್ಬರು," ಅಂದೆ. "ಒಬ್ಬನ ತಲಿ ಮ್ಯಾಲೆ ಒಬ್ಬ."
ಕೈ ಬಿಟ್ಟ. ತಲಿ ತನ್ನ ಜಾಗಾಕ್ಕ ಹೋತು,
ದಾವಲಸಾಬ ಒಬ್ಬನ ಆದ.

"ಹುಟ್ಟಿನಿಂದ ಕಣ್ಣು ಒಂದಕ್ಕೊಂದು ಹೊಂದಿಲ್ಲ.
ಕುತ್ತಿಗಿ ಪಂಚಾಯ್ತಿ ಮಾಡಿ ಸಂಸಾರ ನಡಸೈತಿ."

ನಕ್ಕಿದ್ದು ಎಲ್ಲಾರೂ. ನಾನೂ.
ಆಮ್ಯಾಲೆ ಸಾಲಿ ಗ್ರೂಪ್ ಫೋಟೋ ನೆನಪಾತು,
ಕಿವಿ ಹಿಂಡಿ "ನೆಟ್ಟಗ ನಿಲ್ಲಲೇ" ಅಂದ ಮಾಸ್ತರರು,
ಲೈಸೆನ್ಸಿನ ಫೋಟೋ, ಆಧಾರಿನ ಫೋಟೋ,
ಮತ್ತ ಮದುವಿ ಫೋಟೋ:
ಎಡಕ್ಕ ಅಕಿ, ಅಕಿ ಕಡೆ ವಾಲಿದ ನಾನು.
ಇಪ್ಪತ್ತೆರಡು ವರ್ಷ ಅಕಿ ಅದನ್ನ
ಬಂದವರಿಗೆಲ್ಲಾ ತೋರಸತಾಳ.
ದಾವಲಸಾಬಾ, ಚಾಳೀಸು ಮಾಡು,
ಅಕಿ ಕೇಳಿದರ ವಯಸ್ಸಾತು ಅನ್ನು.

ಗುರುವಾರಕ್ಕ ತಯಾರಂತ.
ತೋಂಟೇಶ ಕುಂತಲ್ಲೇ ನಿದ್ದಿ ಹೊಡೀಲಿಕತ್ತಿದ್ದ.
ಗಿರಮಿಟ್ಟು ತಣ್ಣಗಾಗಿತ್ತು.
ರುಕ್ಮಾಬಾಯಿ ಚೀಲದಿಂದ ಇನ್ನೊಂದು ತಗದಿಟ್ಟರು.
ಅದ ಕಿಡಕಿ. ಸರಳಿನ ನಡುವ ಒಂದು ಕೈ,
ಬಳಿ ಇಲ್ಲ, ಬೆರಳಿಗೆ ನೀಲಿ ಬಣ್ಣ,
ನೀರು ಚೆಲ್ಲೂದೋ, ಯಾರನ್ನರ ಕರಿಯೂದೋ.

ಯಾರೂ ಸ್ಕೇಲು ಮುಟ್ಟಲಿಲ್ಲ.
ನಾನು ತಲಿ ಎಡಕ್ಕ ವಾಲಿಸಿ ಭಾಳ ಹೊತ್ತು ನೋಡಿದೆ.
"ಚೊಲೋ ಬಂದೈತಿ" ಅಂದೆ.
ಯಾಕಂತ ಕೇಳಿದರು.
ಚಹಾದ ಬಿಲ್ಲು ಎಷ್ಟಾತು ಅಂತ ಕೇಳಿದೆ.