ಹನ್ನೊಂದು ನಿಮಿಷ

ನಾಲ್ಕಡಿ ಕಬ್ಬಿಣ, ತುದಿಗೆ ಚೌಕ ಬಾಯಿ:
ನನ್ನ ಕೀಲಿ. ಹೆಗಲಿಗಿಟ್ಟು ಸೈಕಲ್ಲು ತುಳಿದರೆ
ಅರಸೀಕೆರೆಯ ನಾಯಿಗಳೂ ಗುರುತು ಹಿಡಿಯುತ್ತವೆ.
ಎಂಟು ದಿನಕ್ಕೊಂದು ಸರದಿ, ಬೀದಿಗೆ ಐವತ್ತು ನಿಮಿಷ.
ಹತ್ತೊಂಬತ್ತು ವರ್ಷ ಗಡಿಯಾರ ನೋಡಿಯೇ ತಿರುಗಿಸಿದ್ದೇನೆ,
ಮುಖ ನೋಡಿ ಅಲ್ಲ.

ಗಣರಾಜ್ಯೋತ್ಸವದ ದಿನ ಶಾಲು ಹೊದಿಸಿದರು.
‘ಇಂಥವರಿಂದಲೇ ಮಳೆ, ಬೆಳೆ’ ಎಂದು ಗುಡುಗಿದ
ಕೊಬ್ಬರಿ ಮಂಡಿಯ ರುದ್ರಮುನಿಯವರು
ಮೈಕು ಆರಿದ ಮೇಲೆ ನನ್ನ ಕಿವಿಗೆ ಬಗ್ಗಿದರು:
‘ಶುಕ್ರವಾರ ಮನೇಲಿ ಚಪ್ಪರ. ಒಂದರ್ಧ ಗಂಟೆ…’
ಶಾಲಿನ ಮಡಿಕೆಯಲ್ಲಿ ಐನೂರರ ನೋಟು.
ನೋಟು ವಾಪಸು ಕೊಟ್ಟೆ. ಶಾಲು ಇಟ್ಟುಕೊಂಡೆ, ಚಳಿಯಿತ್ತು.

ವನಮಾಲಾ ಟೀಚರು ಕೇಳುವುದು ಐದು ನಿಮಿಷ,
ಜೊತೆಗೆ ‘ಯಾರಿಗೂ ಹೇಳಬೇಡಿ’.
ಮಿಲ್ಟ್ರಿ ಹೊನ್ನಪ್ಪನವರದು ಹತ್ತು,
ಗಡಿಯಲ್ಲಿ ಕಳೆದ ವರ್ಷಗಳ ಲೆಕ್ಕದಲ್ಲಿ.
ಊರು ಗುಂಪಾಗಿ ನಿಂತರೆ ನ್ಯಾಯ ಕೇಳುತ್ತದೆ,
ಒಬ್ಬೊಬ್ಬರೇ ಬಂದರೆ ಐದು ನಿಮಿಷ.

ನಮ್ಮದು ಕೊನೇ ಬೀದಿ, ಕೊನೇ ನಲ್ಲಿ,
ಆಚೆ ರೈಲ್ವೆ ಗೋಡೆ.
ಅಲ್ಲಿಗೆ ಬರುವಷ್ಟರಲ್ಲಿ ನೀರಿಗೇ ದಮ್ಮು;
ನಾಲ್ಕು ಬಿಂದಿಗೆ ಕೆಮ್ಮಿ, ಆಮೇಲೆ ಬರೀ ಗಾಳಿ.
ಸಾಕಮ್ಮ ಒಂದು ದಿನವೂ ಬಾಯಿಬಿಟ್ಟು ಕೇಳಿದವಳಲ್ಲ.
ಕೇಳಿದ್ದರೆ ಇಲ್ಲ ಅನ್ನಬಹುದಿತ್ತು.

ಈ ಮಾಘದಲ್ಲಿ ಮಗಳು ಬಾಣಂತನಕ್ಕೆ ಬಂದಳು.
ಹಂಡೆ ತುಂಬಲಿಲ್ಲ. ಒಂಬತ್ತು ದಿನದ ಕೂಸಿನ ಬಟ್ಟೆ
ಬಕೆಟ್ಟಿನಲ್ಲಿ ಹುಳಿವಾಸನೆ ಹಿಡಿದಿತ್ತು.
ಸಾಕಮ್ಮ ಸ್ಟೇಷನ್ನಿನ ಬೋರಿಗೆ ನಾಲ್ಕನೇ ಸಲ ನಡೆದಳು,
ನನ್ನತ್ತ ನೋಡದೆ.

ರಾತ್ರಿ ಎರಡೂ ಕಾಲು.
ಗೂಡ್ಸ್ ಗಾಡಿ ಹಾದುಹೋಗುವ ಸದ್ದಿನೊಳಗೆ
ಗುಂಡಿಗಿಳಿದು, ಹಿಂದಿನ ಬೀದಿಯ ವಾಲ್ವು
ಹನ್ನೊಂದು ನಿಮಿಷ ಮೊದಲೇ ಮುಚ್ಚಿದೆ,
ನಮ್ಮದನ್ನು ತೆರೆದೆ. ಕಬ್ಬಿಣ ಕಿರುಗುಟ್ಟಲೂ ಇಲ್ಲ.
ಇಷ್ಟು ವರ್ಷ ಎಣ್ಣೆ ಬಿಟ್ಟವನೂ ನಾನೇ ತಾನೆ.

ಬೆಳಗ್ಗೆ ಬಾಣಂತಿಗೆ ನೀರೆರೆದರು. ಮನೆಯೆಲ್ಲ ಸಾಂಬ್ರಾಣಿ.
ನನ್ನ ಪಾಲಿಗೂ ಒಂದು ಚೊಂಬು ಬಿಸಿನೀರು ಮಿಕ್ಕಿತು.
ಬೆನ್ನ ಮೇಲೆ ಇಳಿದ ಆ ಸುಖ
ಸುಳ್ಳೆಂದು ಹೇಗೆ ಹೇಳಲಿ?

ವಾರದೊಳಗೆ ನಗರಸಭೆಗೆ ಅರ್ಜಿ. ನಲವತ್ತೊಂದು ಸಹಿ.
ಇಂಜಿನಿಯರು ನನಗೇ ಓದಲು ಕೊಟ್ಟರು.
ಒಂದೊಂದು ಹೆಸರಿನ ಮುಂದೂ ಅವರು ಕೇಳಿದ್ದ ನಿಮಿಷ
ನನಗೆ ಬಾಯಿಪಾಠ. ಓದುತ್ತ ಓದುತ್ತ ನಗು ಬಂತು,
ಎದೆ ಹಗುರಾಯಿತು: ಇವರೇನು ನನ್ನನ್ನು ಕೇಳುವುದು!

ಪಟ್ಟಿ ಮುಗಿಯಿತು.
ಶಂಷಾದ್ ಬೀ ಸಹಿ ಇರಲಿಲ್ಲ.
ಹಿಂದಿನ ಬೀದಿ, ಏಳನೇ ಮನೆ, ಶಾವಿಗೆ ಹೊಸೆದು ಮಾರುವಾಕೆ.
ನಿಮಿಷವನ್ನೂ ಕೇಳಿದವಳಲ್ಲ,
ಸಾಕಮ್ಮನ ಹಾಗೆಯೇ.

ಮುಂದಿನ ಸರದಿಗೆ ಹೋದಾಗ ಬಾಗಿಲಲ್ಲೇ ನಿಂತಿದ್ದಳು,
ಕೈಗೆ ಮೆತ್ತಿದ ಹಿಟ್ಟು ಒಣಗಿತ್ತು:
‘ಹೋದ ಸಲ ಪೈಪೇನಾದ್ರೂ ಒಡೆದಿತ್ತೇನಪ್ಪ?’
‘ಹ್ಞೂಂ’ ಎಂದೆ.

ಅವಳ ಬೀದಿಗೆ ಅಂದು ಹನ್ನೊಂದು ನಿಮಿಷ ಜಾಸ್ತಿ ಬಿಟ್ಟೆ.
ಅದು ಮತ್ತೊಂದು ಬೀದಿಯದು.
ಆ ಬೀದಿಗೆ ತೀರಿಸಲು ಇನ್ನೊಂದು.
ಹೀಗೆ ಊರೊಳಗೆ ಈಗ ಒಂದು ಸಾಲ ತಿರುಗುತ್ತಿದೆ,
ನೆಲದಡಿಯ ಪೈಪಿನಲ್ಲಿ,
ಸರದಿಯ ಪ್ರಕಾರ.