ಹೈಮಾ ದಾಟಿದ ಮೇಲೆ

ಹೈಮಾ ದಾಟಿ ಎಂಬತ್ತು ಕಿಲೋಮೀಟರಿಗೆ ನನ್ನ ಅಂಗಡಿ:
ಟಯರು, ರೇಡಿಯೇಟರು, ಕರಕ್ ಚಹಾ.
ಎಡಕ್ಕೆ ಮರಳು, ಬಲಕ್ಕೆ ಮರಳು, ನಡುವೆ
ಸಲಾಲಾಕ್ಕೆ ಹೋಗುವ ಒಂದೇ ಒಂದು ದಾರಿ.

ಆಗಸ್ಟ್, ಮಧ್ಯಾಹ್ನ ಎರಡೂವರೆ.
ಮಸ್ಕತ್ತಿಗೆ ಮಸ್ಕತ್ತೇ ತುಂತುರು ನೋಡಲು ಹೊರಟ ಕಾಲ.
ಆಗ ಬಂತು ಅದು, ಮೊಸರಿನ ಬಣ್ಣದ ಕಾರು.
ಬಂದದ್ದೇ ಗೊತ್ತಾಗಲಿಲ್ಲ.
ಗುಡಿಸುತ್ತಿದ್ದ ಶಫೀಕುಲ್ ತಿರುಗಿದರೆ
ಮೊಣಕಾಲಿಗೆ ಬಂಪರು.

ಗಾಜು ನಾಲ್ಕೂ ಇಳಿಸಿದ್ದರು.
ನಲವತ್ತಾರು ಡಿಗ್ರಿಯಲ್ಲಿ ಗಾಜು ಇಳಿಸಿ ಬಂದವರನ್ನು
ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡದ್ದಿಲ್ಲ.
"ಎಸಿ ಹಾಕಿದರೆ ಚಾರ್ಜು ಇಳಿಯುತ್ತದೆ," ಎಂದ ಖಲ್ಫಾನ್.
ಟೊಪ್ಪಿಯ ಕಸೂತಿಯೆಲ್ಲ ಬೆವರಿಗೆ ಒದ್ದೆ.
ಹಿಂದಿನ ಸೀಟಿನಲ್ಲಿ ಅವನ ಅಜ್ಜಿ,
ಕಾಲು ಎರಡೂ ಐಸಿನ ಪೆಟ್ಟಿಗೆಯೊಳಗೆ.
ಪರದೆಯ ಮೇಲೆ ಒಂದು ಅಂಕಿ: ಮೂರು.
ನೂರಕ್ಕೆ ಮೂರು.

ನಾನು ಹೇಳಬಹುದಿತ್ತು. ಅಜ್ಜಿಯೇ ಹೇಳಿದಳು,
ನನ್ನ ಅರಬಿಗೆ ದಕ್ಕಿದಷ್ಟು ಇದು:
"ಒಂಟೆಗಾದರೆ ಬಾವಿ ಎಲ್ಲಿದೆ ಅಂತ ತಿಳಿದಿರುತ್ತಿತ್ತು."

ವೆಲ್ಡಿಂಗಿನ ಪ್ಲಗ್ಗಿದೆ, ಉದ್ದದ ವಯರಿದೆ,
ಕರೆಂಟಿನ ಕಂಬ ಮಾತ್ರ ನನ್ನ ತನಕ ಬಂದಿಲ್ಲ.
ಹಿತ್ತಿಲ ಶೆಡ್ಡಿನಲ್ಲಿ ಜನರೇಟರು.
ಡೀಸೆಲ್ ಸುರಿದೆ. ಕೆಮ್ಮಿತು, ಉಗುಳಿತು, ಕರಿಹೊಗೆ ಬಿಟ್ಟಿತು.
ಎರಡನ್ನೂ ಒಟ್ಟಿಗೆ ಹೊರಲಾರದು ಅದು:
ಒಂದೋ ಅಜ್ಜಿಯ ಕೋಣೆಯ ಎಸಿ, ಇಲ್ಲವೇ ಮೊಮ್ಮಗನ ಕಾರು.
ನಡುರಾತ್ರಿಯ ತನಕ ಅಜ್ಜಿ. ಆಮೇಲೆ, ಗಾಳಿ ತಣಿದ ಮೇಲೆ, ಕಾರು.
ಹೊಗೆ ಕಕ್ಕುವ ಮುದಿ ಯಂತ್ರ
ಹೊಗೆಯೇ ಅರಿಯದ ಕೂಸಿಗೆ ಹಾಲೂಡಿಸಿತು,
ಮರುದಿನ ಬಿಸಿಲೇರುವ ತನಕ.
ಶಫೀಕುಲ್ ನಕ್ಕ. ನಾನೂ ನಕ್ಕೆ.
ಖಲ್ಫಾನ್ ಖಾಲಿ ಕ್ಯಾನುಗಳನ್ನು ಎಣಿಸುತ್ತಿದ್ದ.

ಪೇಟೆಯಲ್ಲಿ ಓಡಿಸಲಿ, ಬೇಡವೆನ್ನುವುದಿಲ್ಲ.
ಮನೆ, ಆಫೀಸು, ಮಾಲಿನ ನೆರಳು, ಮತ್ತೆ ಮನೆ.
ಇಲ್ಲಿಗೆ ಬರುವವನು ಮಾತ್ರ
ದಾರಿಯಲ್ಲಿ ನನ್ನಂಥವನೊಬ್ಬ ಎದ್ದಿರಲಿ ಎಂದು
ಹರಕೆ ಹೊತ್ತು ಬರಬೇಕು.

ಹೀಗೆನ್ನುವಾಗ ನನ್ನ ಹೊಟ್ಟೆಯೂ ಮಾತಾಡುತ್ತಿದೆ,
ಸುಳ್ಳೇಕೆ.
ಲಾರಿ ಅರ್ಧ ಮೈಲಿ ಆಚೆ ಇರುವಾಗಲೇ ಹೇಳಬಲ್ಲೆ
ಬೆಲ್ಟು ಸವೆದಿದೆ, ಎರಡನೇ ಇಂಜೆಕ್ಟರು ಕಟ್ಟಿದೆ ಎಂದು.
ಕಿವಿಯೇ ನನ್ನ ಮೊದಲ ಸ್ಪ್ಯಾನರು.
ಆ ಕಾರಿನ ಬಾನೆಟ್ಟು ಎತ್ತಿ ನೋಡಿದೆ:
ಒಂದು ಖಾಲಿ ಗುಂಡಿ, ಅದರೊಳಗೆ
ಅಜ್ಜಿಯ ಖರ್ಜೂರದ ಡಬ್ಬಿ.

ನನ್ನಪ್ಪ ಮುರ್ಡೇಶ್ವರದ ಕಡಲಿಗೆ ಹೋಗುತ್ತಿದ್ದವನು.
ದೋಣಿಗೆ ಯಂತ್ರ ಕಟ್ಟಿಸೋಣವೆಂದರೆ ಒಂದು ವರ್ಷ ಜಗಳ:
ಸದ್ದಿಗೆ ಮೀನು ಓಡುತ್ತದೆ,
ನಡುನೀರಿನಲ್ಲಿ ಸೀಮೆಎಣ್ಣೆ ಯಾರಪ್ಪ ಕೊಡುತ್ತಾನೆ?
ಕೊನೆಗೂ ಕಟ್ಟಿಸಿದ.
ಹುಟ್ಟನ್ನು ಮಾತ್ರ ಸಾಯುವ ತನಕ ದೋಣಿಯಿಂದ ಇಳಿಸಲಿಲ್ಲ.
ಎರಡು ಸಲ ಆ ಹುಟ್ಟೇ ದಡ ಮುಟ್ಟಿಸಿತು.
ಎರಡೇ ಸಲ. ಉಳಿದ ಮೂವತ್ತು ವರ್ಷ
ಯಂತ್ರವೇ ತಂದು ಬಿಟ್ಟಿತು ಮನೆಗೆ.
ಅದನ್ನೂ ಹೇಳಬೇಕಲ್ಲ.

ನೂರಕ್ಕೆ ಐವತ್ತೆಂಟಾದಾಗ ಖಲ್ಫಾನ್ ಎದ್ದ.
ಥುಮ್ರೈತಿನ ದಾರಿಯ ಟಯರಿನವನಿಗೆ ಫೋನು ಮಾಡಿ ಹೇಳಿದೆ:
ಬಿಳಿ ಕಾರು, ಪ್ಲಗ್ಗು ಖಾಲಿಯಿಡು, ಮುದುಕಿಯಿದ್ದಾಳೆ.
ಬಿಲ್ಲು ಕೇಳಿದ. ಏನೆಂದು ಬರೆಯಲಿ?
"ರೇಡಿಯೇಟರ್ ರಿಪೇರಿ" ಎಂದೇ ಒತ್ತಿದೆ,
ಬೇರೆ ಮುದ್ರೆ ನನ್ನಲ್ಲಿಲ್ಲ.
ಅಜ್ಜಿ ಕಿಟಕಿಯಿಂದ ಒಂದು ಹಿಡಿ ಖರ್ಜೂರ ಕೊಟ್ಟಳು.

ಹೋಯಿತು.
ಹೋಗುವ ಗಾಡಿಯ ಸದ್ದು ಕೇಳಿಸಿಕೊಳ್ಳುವ ಚಾಳಿಗೆ
ಬಿಸಿಲಲ್ಲೇ ನಿಂತಿದ್ದೆ. ಕೇಳಿಸಿತು,
ದಡದಡ ದಡದಡ, ಎರಡನೆಯ ಬಡಿತ ತುಸು ಜಾರಿ.
ಇದಕ್ಕೂ ಒಂದು ರೋಗವಿದೆಯಲ್ಲ ಎಂದು
ಒಂದು ಗಳಿಗೆ ಹಿಗ್ಗಿದೆ.

ಹಿತ್ತಿಲಲ್ಲಿ ನನ್ನದೇ ಜನರೇಟರು.
ಆರಿಸಲು ಮರೆತಿದ್ದೆ.